ಅಂಗಡಿಯಲ್ಲಿ ಸಿಗದ ಕ್ರಿಸ್‌ಮಸ್ ಕಾಣಿಕೆ

ನವೆಂಬರ್ ಮುಗಿಯುತ್ತ ಬಂದಂತೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಸೀಮೆಯಲ್ಲಿ ಮೈಮುರಿಯುವಷ್ಟು ಕೆಲಸ. ರಾಗಿ ಕೊಯ್ಲು ಒಂದು ಕಡೆ, ಭತ್ತದ ಗದ್ದೆ ಇನ್ನೊಂದು ಕಡೆ. ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪಿನ ಬೇಲುಗಳನ್ನು ಹೇರಿಕೊಂಡ ವಾಹನಗಳು ಮತ್ತೊಂದು ಕಡೆ. ಬೇಲಿಗೆ ಒಳ್ಳೆಯ ಬೆಲೆ ಸಿಕ್ಕಿದ ಮನೆಯಲ್ಲಿ ನಗು. ಸಿಗದ ಮನೆಯಲ್ಲಿ ಮೌನ. ಇದೇ ಹೊತ್ತಿಗೆ ಪೇಟೆಯ ಅಂಗಡಿಗಳ ಮುಂದೆ ಬಣ್ಣದ ನಕ್ಷತ್ರಗಳು ನೇತಾಡತೊಡಗುತ್ತವೆ. ಕ್ರಿಸ್‌ಮಸ್ ಬಂತು!

ಕ್ರಿಸ್‌ಮಸ್ ಎಂದರೆ ಕಾಣಿಕೆ. ಬಾಲಯೇಸುವನ್ನು ಕಾಣಲು ನಕ್ಷತ್ರದ ಜಾಡು ಹಿಡಿದು ಬಂದ ಮೂಡಣ ದೇಶದ ಜ್ಞಾನಿಗಳು ಚಿನ್ನ, ಧೂಪ, ರಕ್ತಬೋಳಗಳನ್ನು ಅರ್ಪಿಸಿದರೆಂಬುದು ಬೈಬಲ್ಲಿನ ಕಥೆ. ನಮ್ಮ ಕಡೆ ಈ ಹಬ್ಬದ ಕಾಣಿಕೆ ಬಹುಕಾಲದಿಂದ ತಟ್ಟೆಯಲ್ಲಿಯೇ ಬರುತ್ತಿತ್ತು. ಕ್ರೈಸ್ತರ ಮನೆಯಿಂದ ನೆರೆಯವರ ಮನೆಗೆ ಕರ್ಜಿಕಾಯಿ, ಚಕ್ಕುಲಿ, ರವೆ ಉಂಡೆ, ಹೂವಿನಾಕಾರದ ಅಚ್ಚಪ್ಪ. ಕೆಲವು ದಿನಗಳಲ್ಲಿ ಸಂಕ್ರಾಂತಿ ಬಂದಾಗ ಅದೇ ತಟ್ಟೆಯಲ್ಲಿ ಎಳ್ಳು ಬೆಲ್ಲ ತಿರುಗಿ ಹೋಗುತ್ತಿತ್ತು. ದೋರನಹಳ್ಳಿಯ ಸಂತ ಅಂತೋಣಿಯವರ ಸನ್ನಿಧಿಗೆ ಎಲ್ಲ ಮತದವರೂ ಹೋಗಿಬರುವ ಈ ಸೀಮೆಯಲ್ಲಿ ಹಬ್ಬದ ತಟ್ಟೆಗೆ ಜಾತಿ ಯಾವುದು?

ಈಗ ತಟ್ಟೆಯ ಜೊತೆಗೆ ಇನ್ನೊಂದು ಪದ್ಧತಿ ಸೇರಿಕೊಂಡಿದೆ. ಶಾಲೆಗಳಲ್ಲಿ ‘ಕ್ರಿಸ್‌ಮಸ್ ಫ್ರೆಂಡ್’ ಎಂದು ಚೀಟಿ ಎತ್ತುತ್ತಾರೆ. ಚೀಟಿಯಲ್ಲಿ ಬಂದ ಹೆಸರಿನ ಸಹಪಾಠಿಗೆ ಗುಟ್ಟಾಗಿ ಒಂದು ಕಾಣಿಕೆ ಕೊಡಬೇಕು. ಒಳ್ಳೆಯ ಆಟವೇ. ಆದರೆ ಮೂವತ್ತು ವರ್ಷಗಳ ಹತ್ತಿರ ಹಾಜರಿ ಪುಸ್ತಕ ಹಿಡಿದವನಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಕಾಣಿಕೆ ಹಂಚುವ ದಿನ ತರಗತಿಯಲ್ಲಿ ಒಂದಿಬ್ಬರು ಗೈರುಹಾಜರು. ಮಾರನೆಯ ದಿನ ‘ಹೊಟ್ಟೆನೋವು’ ಎಂಬ ರಜಾ ಚೀಟಿ. ಆ ಹೊಟ್ಟೆನೋವು ಯಾವ ಬಗೆಯದೆಂದು ಬಿಡಿಸಿ ಹೇಳಬೇಕಾಗಿಲ್ಲ. ‘ಐವತ್ತು ರೂಪಾಯಿಗೆ ಮೀರಬಾರದು’ ಎಂದು ನಿಯಮ ಮಾಡಿದರೂ ಐವತ್ತು ರೂಪಾಯಿ ಎಲ್ಲರ ಮನೆಯಲ್ಲೂ ಒಂದೇ ತೂಕದ್ದಲ್ಲ.

ಇದಕ್ಕೆ ಮದ್ದು ಕಾಣಿಕೆಯನ್ನು ನಿಲ್ಲಿಸುವುದಲ್ಲ. ಕೊಳ್ಳುವುದನ್ನು ನಿಲ್ಲಿಸಿ ಮಾಡುವುದು. ಕೈಯಿಂದ ಮಾಡುವ ಕಾಣಿಕೆಗೆ ಬೇಕಾದ ಮುಖ್ಯ ಸಾಮಗ್ರಿ ದಿನಗಳು. ಎಲೆ ಕೊಳೆಯಲು ಇಷ್ಟು ದಿನ, ಕಾಳು ಮೊಳೆಯಲು ಇಷ್ಟು ದಿನ ಎಂದು ಪ್ರಕೃತಿ ಲೆಕ್ಕ ಹಾಕಿಟ್ಟಿದೆ. ಆ ಲೆಕ್ಕದ ಮುಂದೆ ಬೇಲಿಗೆ ಬೆಲೆ ಸಿಕ್ಕವನೂ ಸಿಗದವನೂ ಒಂದೇ. ಹಬ್ಬಕ್ಕೆ ಇನ್ನೂ ನಾಲ್ಕು ವಾರಗಳಿರುವಾಗಲೇ ಈ ಮಾತು ಎತ್ತಿರುವುದು ಅದಕ್ಕಾಗಿಯೇ.

ಕಮ್ಮಾರನ ಮಗ ಕಟ್ಟಿದ ಪುಸ್ತಕ

ವಿಜ್ಞಾನದ ಚರಿತ್ರೆಯಲ್ಲಿ ಕೈಯಿಂದ ಮಾಡಿದ ಒಂದು ಕಾಣಿಕೆಯ ಕಥೆ ಇದೆ. ಮೈಕೆಲ್ ಫ್ಯಾರಡೆ ಲಂಡನ್ನಿನ ಒಬ್ಬ ಬಡ ಕಮ್ಮಾರನ ಮಗ. ಹೆಚ್ಚು ಓದಲಾಗಲಿಲ್ಲ. ಹದಿನಾಲ್ಕನೆಯ ವಯಸ್ಸಿಗೆ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದ. ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನದ ರುಚಿ ಹತ್ತಿಸಿಕೊಂಡ. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ಟಿನಿಂದ ಆ ಕಾಲದ ಪ್ರಸಿದ್ಧ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯವರ ನಾಲ್ಕು ಉಪನ್ಯಾಸಗಳನ್ನು ಕೇಳುವ ಅವಕಾಶ ಸಿಕ್ಕಿತು. ಕೇಳಿದ್ದನ್ನು ಅಚ್ಚುಕಟ್ಟಾಗಿ ಬರೆದು, ಚಿತ್ರಗಳನ್ನು ಬಿಡಿಸಿ, ಸುಮಾರು ಮುನ್ನೂರು ಪುಟಗಳಾದ ಮೇಲೆ ತಾನೇ ಹೊಲಿದು ರಟ್ಟು ಕಟ್ಟಿದ. ಡಿಸೆಂಬರಿನಲ್ಲಿ ಆ ಪುಸ್ತಕವನ್ನು ಒಂದು ಪತ್ರದ ಜೊತೆ ಡೇವಿಯವರಿಗೆ ಕಳುಹಿಸಿದ.

ಡೇವಿಯವರ ಉತ್ತರ ಬರೆದ ತಾರೀಖು 1812ರ ಡಿಸೆಂಬರ್ 24, ಕ್ರಿಸ್‌ಮಸ್ಸಿನ ಹಿಂದಿನ ದಿನ! ಮರು ವರ್ಷದ ಮಾರ್ಚಿಯಲ್ಲಿ ಫ್ಯಾರಡೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಪ್ರಯೋಗಾಲಯದ ಸಹಾಯಕನಾದ. 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದವರು ಇವರೇ. ನಮ್ಮ ಮನೆಗೆ ವಿದ್ಯುತ್ ತರುವ ಜನರೇಟರು, ಟ್ರಾನ್ಸ್‌ಫಾರ್ಮರುಗಳೆಲ್ಲ ಆ ತತ್ತ್ವದ ಮೇಲೆಯೇ ನಡೆಯುತ್ತವೆ. ಅದೇ ಸಂಸ್ಥೆಯಲ್ಲಿ 1825ರಿಂದ ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು ಆರಂಭವಾದವು. ಫ್ಯಾರಡೆ ಅವುಗಳನ್ನು ಹತ್ತೊಂಬತ್ತು ವರ್ಷ ಕೊಟ್ಟರು. ಒಂದು ಮೇಣದ ಬತ್ತಿಯನ್ನೇ ಮುಂದಿಟ್ಟುಕೊಂಡು ಅವರು ಮಾಡಿದ ಉಪನ್ಯಾಸಮಾಲೆ ಇಂದಿಗೂ ವಿಜ್ಞಾನ ಬೋಧನೆಗೆ ಮಾದರಿ.

ಆ ಪುಸ್ತಕ ಕೆಲಸ ಕೇಳುವ ಅರ್ಜಿಯೂ ಆಗಿತ್ತು, ನಿಜ. ಆದರೆ ಅದರ ಬೆಲೆ ಇದ್ದದ್ದು ಎಲ್ಲಿ? ಕಾಗದ, ನೂಲಿನಲ್ಲಲ್ಲ. ‘ನೀವು ಹೇಳಿದ್ದನ್ನು ನಾನು ಇಷ್ಟು ಗಮನವಿಟ್ಟು ಕೇಳಿದೆ’ ಎಂಬ ಸಾಕ್ಷಿಯಲ್ಲಿ. ಗಮನವೇ ಕಾಣಿಕೆಯ ತಿರುಳು.

ಮೊದಲು ಮನುಷ್ಯ, ಆಮೇಲೆ ವಸ್ತು

ಆದ್ದರಿಂದ ಮಕ್ಕಳೇ, ‘ಏನು ಮಾಡಲಿ?’ ಎಂದು ಕೇಳುವ ಮುಂಚೆ ‘ಯಾರಿಗೆ?’ ಎಂದು ಕೇಳಿಕೊಳ್ಳಿ. ಒಂದು ಹಾಳೆಯಲ್ಲಿ ಹೆಸರುಗಳನ್ನು ಬರೆದು, ಪ್ರತಿ ಹೆಸರಿನ ಮುಂದೆ ಅವರ ದಿನದಲ್ಲಿ ನೀವು ಕಂಡ ಒಂದು ತೊಂದರೆಯನ್ನು ಬರೆಯಿರಿ.

ಅಜ್ಜಿಗೆ ಸೂಜಿಗೆ ದಾರ ಪೋಣಿಸುವುದು ಕಷ್ಟ. ಹಳೆಯ ಬಟ್ಟೆಯ ಒಂದು ಗುಂಡನೆಯ ದಿಂಬು ಹೊಲಿದು ಅದರೊಳಗೆ ಹತ್ತಿ ತುಂಬಿ. ಹತ್ತು ಸೂಜಿಗಳಿಗೆ ಬೇರೆ ಬೇರೆ ಬಣ್ಣದ ದಾರ ಪೋಣಿಸಿ ಅದಕ್ಕೆ ಚುಚ್ಚಿಕೊಡಿ. ಖಾಲಿಯಾದಾಗ ಮತ್ತೆ ಪೋಣಿಸಿಕೊಡುತ್ತೇನೆಂದು ಒಂದು ಚೀಟಿ ಸೇರಿಸಿ. ಅಜ್ಜನ ಕನ್ನಡಕ ಜೇಬಿನಲ್ಲಿ ಗೀಚಿಹೋಗುತ್ತದೆ. ಮೆತ್ತನೆಯ ಬಟ್ಟೆಯ ಚೀಲ ಸಾಕು. ತಂಗಿಗೆ ಮಗ್ಗಿ ಬಾರದು. ರಟ್ಟಿನ ಎರಡು ಚಕ್ರಗಳನ್ನು ಒಂದರ ಮೇಲೊಂದಿಟ್ಟು ತಿರುಗುವ ಮಗ್ಗಿ ಚಕ್ರ ಮಾಡಿ. ಇವುಗಳಲ್ಲಿ ಯಾವುದಕ್ಕೂ ಹತ್ತಿಪ್ಪತ್ತು ರೂಪಾಯಿಗಿಂತ ಹೆಚ್ಚು ಬೇಡ. ಆದರೆ ಅಂಗಡಿಯವನಿಗೆ ನಿಮ್ಮ ಅಜ್ಜಿ ಗೊತ್ತಿಲ್ಲ, ನಿಮಗೆ ಗೊತ್ತು!

ಅರಳಿ ಎಲೆಯ ಕಾರ್ಡು

ಕ್ರಿಸ್‌ಮಸ್ ಕಾರ್ಡು ಅಚ್ಚಾಗತೊಡಗಿದ್ದು 1843ರಲ್ಲಿ. ಲಂಡನ್ನಿನ ಹೆನ್ರಿ ಕೋಲ್ ಎಂಬ ಅಧಿಕಾರಿಗೆ ಅಷ್ಟೊಂದು ಜನರಿಗೆ ಕೈಯಾರೆ ಶುಭಾಶಯ ಬರೆಯಲು ಬಿಡುವಿರಲಿಲ್ಲ. ಜಾನ್ ಹಾರ್ಸ್ಲಿ ಎಂಬ ಕಲಾವಿದರಿಂದ ಚಿತ್ರ ಬರೆಸಿ ಅಚ್ಚು ಹಾಕಿಸಿದರು. ನಾವೀಗ ಹಿಂದಿನ ದಾರಿ ಹಿಡಿಯೋಣ.

ಬಲಿತ, ತೂತಿಲ್ಲದ ಅರಳಿ ಎಲೆಗಳನ್ನು ಆರಿಸಿ, ಹಳೆಯ ಡಬ್ಬಿಯಲ್ಲಿ ನೀರು ತುಂಬಿ ಮುಳುಗಿಸಿಡಿ. ಮನೆಯ ಹೊರಗೆ ಇಡಿ, ವಾಸನೆ ಬರುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸಿ. ಮೂರರಿಂದ ನಾಲ್ಕು ವಾರಗಳಲ್ಲಿ ಎಲೆಯ ಹಸಿರು ಭಾಗ ಲೋಳೆಯಾಗುತ್ತದೆ. ಆಗ ತಟ್ಟೆಯ ನೀರಿನಲ್ಲಿ ಎಲೆಯನ್ನು ಹರಡಿ, ಮೆತ್ತನೆಯ ಹಳೆಯ ಬ್ರಷ್ಷಿನಿಂದ ಹಗುರವಾಗಿ ತಟ್ಟಿದರೆ ಲೋಳೆ ಬಿಟ್ಟು ನರಗಳ ಬಲೆ ಉಳಿಯುತ್ತದೆ. ಪತ್ರಿಕೆಯ ಹಾಳೆಗಳ ನಡುವೆ ಇಟ್ಟು ಭಾರ ಹೇರಿ ಎರಡು ದಿನ ಒಣಗಿಸಿ. ಗಾಢ ಬಣ್ಣದ ಕಾಗದಕ್ಕೆ ಅಂಟಿಸಿದರೆ ಜರತಾರಿಯ ಕಸೂತಿ!

ಹೀಗೇಕಾಗುತ್ತದೆ? ಎಲೆಯ ಮೃದು ಅಂಗಾಂಶವನ್ನು ನೀರಿನಲ್ಲಿರುವ ಬ್ಯಾಕ್ಟೀರಿಯಾಗಳು ಬೇಗ ಜೀರ್ಣಿಸುತ್ತವೆ. ನರಗಳಲ್ಲಿ ಲಿಗ್ನಿನ್ ಎಂಬ ಗಟ್ಟಿ ವಸ್ತುವಿದೆ. ಮರಕ್ಕೆ ಮರದ ಗಟ್ಟಿತನ ಕೊಡುವುದೂ ಅದೇ. ಅದು ಸುಲಭವಾಗಿ ಕರಗದು. ತಡವಾಗಿ ಹೊರಟವರು ಒಂದು ಲೀಟರ್ ನೀರಿಗೆ ಎರಡು ಚಮಚ ಬಟ್ಟೆ ಸೋಡ ಹಾಕಿ, ಎಲೆಗಳನ್ನು ಒಂದೆರಡು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಬಹುದು. ಇದನ್ನು ದೊಡ್ಡವರೇ ಮಾಡಬೇಕು. ಆ ಪಾತ್ರೆಯನ್ನು ಅಡುಗೆಗೆ ಬಳಸಬಾರದು.

ಚಿಪ್ಪಿನಲ್ಲಿ ಹಸಿರು

ಕ್ರೈಸ್ತರ ಮನೆಗಳಲ್ಲಿ ಗೋದಲಿ ಕಟ್ಟುವಾಗ ಹುಲ್ಲುಗಾವಲು ಕಾಣಲೆಂದು ರಾಗಿ ಮೊಳಕೆ ಬೆಳೆಸುವ ರೂಢಿಯಿದೆ. ನವರಾತ್ರಿಯ ಘಟದಲ್ಲಿ, ಮದುವೆಯ ಅಂಕುರಾರ್ಪಣೆಯಲ್ಲಿ ಧಾನ್ಯ ಮೊಳೆಯಿಸುವ ನಾಡಿಗೆ ಇದು ಹೊಸದಲ್ಲ. ಗೋದಲಿ ಇಟ್ಟಿರುವ ಗೆಳೆಯನಿಗೆ ಇದಕ್ಕಿಂತ ಒಳ್ಳೆಯ ಕಾಣಿಕೆ ಯಾವುದು?

ತೆಂಗಿನ ಚಿಪ್ಪಿನ ತಳಕ್ಕೆ ಒಂದು ತೂತು ಮಾಡಿ ಮುಕ್ಕಾಲು ಭಾಗ ಮಣ್ಣು ತುಂಬಿ. ರಾತ್ರಿ ನೆನೆಸಿದ ರಾಗಿಯನ್ನು ಒತ್ತಾಗಿ ಹರಡಿ, ತೆಳುವಾಗಿ ಮಣ್ಣು ಉದುರಿಸಿ, ಒದ್ದೆ ಬಟ್ಟೆ ಮುಚ್ಚಿ. ಮೊಳಕೆ ತಲೆಯೆತ್ತಿದ ಕೂಡಲೇ ಬಟ್ಟೆ ತೆಗೆದು ಬೆಳಕಿಗಿಡಿ. ಡಿಸೆಂಬರಿನ ಚಳಿಯಲ್ಲಿ ಮೊಳಕೆ ನಿಧಾನ. 12ನೇ ತಾರೀಖಿನೊಳಗೆ ಬಿತ್ತಿದರೆ ಹಬ್ಬಕ್ಕೆ ಹಸಿರು ಸಿದ್ಧ. ಎರಡು ಚಿಪ್ಪು ಬಿತ್ತಿ ಒಂದನ್ನು ಕತ್ತಲಲ್ಲಿಯೇ ಬಿಟ್ಟುನೋಡಿ. ಅದರ ಸಸಿಗಳು ಉದ್ದವಾಗಿ, ಬಿಳಿಚಿಕೊಂಡು, ಹಳದಿಯಾಗಿ ನಿಲ್ಲುತ್ತವೆ. ಬೆಳಕಿಲ್ಲದೆ ಈ ಸಸಿಯಲ್ಲಿ ಪತ್ರಹರಿತ್ತು ರೂಪುಗೊಳ್ಳದು. ಒಂದು ಚಿಪ್ಪು ಕಾಣಿಕೆಗೆ, ಇನ್ನೊಂದು ಪಾಠಕ್ಕೆ.

ರೇಖಾಗಣಿತದ ನಕ್ಷತ್ರ

ಜರ್ಮನಿಯ ನೀಸ್ಕಿ ಎಂಬ ಊರಿನ ಮೊರೇವಿಯನ್ ಪಂಗಡದ ಶಾಲೆಯಲ್ಲಿ 1830ರ ದಶಕದಲ್ಲಿ ರೇಖಾಗಣಿತದ ಪಾಠವಾಗಿ ಹುಡುಗರು ಕಾಗದದ ನಕ್ಷತ್ರ ಮಾಡಿದರು. ಅದೇ ‘ಮೊರೇವಿಯನ್ ನಕ್ಷತ್ರ’ವೆಂದು ಲೋಕವೆಲ್ಲ ಹರಡಿತು. ನಮ್ಮ ಬಿದಿರಿನ ಐದು ಮೂಲೆಯ ನಕ್ಷತ್ರದಲ್ಲೂ ಗಣಿತಕ್ಕೇನು ಕೊರತೆಯಿಲ್ಲ.

45 ಸೆಂಟಿಮೀಟರ್ ಉದ್ದದ ಹತ್ತು ಬಿದಿರು ಸೀಳುಗಳನ್ನು ನಯವಾಗಿ ಹೆರೆದುಕೊಳ್ಳಿ. ಪ್ರತಿ ಸೀಳಿನ ಎರಡೂ ತುದಿಯಿಂದ 17.2 ಸೆಂಟಿಮೀಟರ್ ದೂರದಲ್ಲಿ ಗುರುತು ಹಾಕಿ, ನಡುವೆ 10.6 ಸೆಂಟಿಮೀಟರ್ ಉಳಿಯುತ್ತದೆ. ಐದು ಸೀಳುಗಳು ಈ ಗುರುತುಗಳಲ್ಲಿಯೇ ಒಂದನ್ನೊಂದು ದಾಟುವಂತೆ ಜೋಡಿಸಿ ದಾರದಿಂದ ಬಿಗಿದರೆ ಒಂದು ನಕ್ಷತ್ರ. ಪ್ರತಿ ತುದಿಯ ಕೋನ 36 ಡಿಗ್ರಿ. ಐದೂ ಸೇರಿ 180. ಕೋನಮಾಪಕದಿಂದ ಅಳೆದು ನೋಡಿ. 17.2ನ್ನು 10.6ರಿಂದ ಭಾಗಿಸಿದರೆ ಸುಮಾರು 1.62 ಬರುತ್ತದೆ. ಇದೇ ಗಣಿತಜ್ಞರು ‘ಸುವರ್ಣ ಅನುಪಾತ’ ಎಂದು ಕರೆಯುವ ಸಂಖ್ಯೆ.

ಇಂಥ ಎರಡು ನಕ್ಷತ್ರಗಳ ಐದೂ ತುದಿಗಳನ್ನು ಒಟ್ಟಿಗೆ ಕಟ್ಟಿ, ಒಳಗಿನ ಐದು ಸಂಧಿಗಳ ನಡುವೆ 8 ಸೆಂಟಿಮೀಟರಿನ ಪುಟ್ಟ ಕಡ್ಡಿಗಳನ್ನು ಅಡ್ಡಲಾಗಿ ನಿಲ್ಲಿಸಿದರೆ ನಕ್ಷತ್ರ ಉಬ್ಬುತ್ತದೆ. ಮೈದಾ ಅಂಟಿನಿಂದ ತೆಳು ಬಣ್ಣದ ಕಾಗದ ಅಂಟಿಸಿ. ಒಳಗೆ ಮೇಣದ ಬತ್ತಿ ಖಂಡಿತ ಬೇಡ. ಹಳೆಯ ತಂತಿ ಬಲ್ಬೂ ಬೇಡ. ಅದು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ವಿದ್ಯುತ್ತನ್ನು ಶಾಖವಾಗಿಯೇ ಕಳೆಯುತ್ತದೆ. ಸಣ್ಣ ಎಲ್‌ಇಡಿ ದೀಪ ಸಾಕು. ವೈರು ಜೋಡಿಸುವುದು ದೊಡ್ಡವರ ಕೆಲಸ.

ಚೂರು ಮೇಣದಿಂದ ಹಣತೆ

ಕರೆಂಟು ಹೋದಾಗ ಹಚ್ಚಿ ಉಳಿದ ಮೇಣದ ಬತ್ತಿಯ ತುಂಡುಗಳು ಯಾರ ಮನೆಯಲ್ಲಿಲ್ಲ? ಅವನ್ನು ಒಂದು ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ಕುದಿಯುವ ನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ಮೇಣ ಸುಮಾರು 60 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕರಗುತ್ತದೆ. ಕುದಿಯುವ ನೀರು 100 ಡಿಗ್ರಿ ಮೀರದು. ಆದ್ದರಿಂದ ಈ ವಿಧಾನ ಕ್ಷೇಮ. ನೇರವಾಗಿ ಒಲೆಯ ಮೇಲಿಟ್ಟರೆ ಮೇಣದ ಆವಿಗೆ ಬೆಂಕಿ ಹತ್ತಬಹುದು. ಹಾಗೇನಾದರೂ ಹತ್ತಿದರೆ ನೀರು ಹಾಕಲೇಬೇಡಿ, ಉರಿ ಸಿಡಿಯುತ್ತದೆ. ಒಲೆ ಆರಿಸಿ, ತಟ್ಟೆ ಮುಚ್ಚಿ ಗಾಳಿ ತಪ್ಪಿಸಬೇಕು.

ಮಣ್ಣಿನ ಹಣತೆಯ ನಡುವೆ ಮೇಣದಲ್ಲಿ ಅದ್ದಿದ ಹತ್ತಿಯ ಬತ್ತಿಯನ್ನು ನಿಲ್ಲಿಸಿ, ಕರಗಿದ ಮೇಣ ಸುರಿಯಿರಿ. ಆರುತ್ತ ನಡುವೆ ಗುಳಿ ಬೀಳುತ್ತದೆ. ದ್ರವ ಘನವಾಗುವಾಗ ಮೇಣ ಕುಗ್ಗುವುದೇ ಕಾರಣ. ಗುಳಿಗೆ ಇನ್ನಷ್ಟು ಸುರಿದು ಸಮಮಾಡಿ. ಈ ಕೆಲಸ ಎಂಟನೇ ತರಗತಿ ಮೇಲಿನವರಿಗೆ ಮಾತ್ರ, ಅದೂ ದೊಡ್ಡವರು ಪಕ್ಕದಲ್ಲಿ ನಿಂತಿರುವಾಗ.

ಅಜ್ಜನ ಮಾತಿನ ಪುಸ್ತಕ

ಕೊನೆಯದು, ಫ್ಯಾರಡೆಯ ದಾರಿಯದು. ಕಳೆದ ವರ್ಷದ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳಲ್ಲಿ ಎಂಟು ಜೋಡಿ ಹಾಳೆ ತೆಗೆದು ನಡುವೆ ಮಡಿಸಿದರೆ 32 ಪುಟ. ಮಡಿಕೆಯ ಗೆರೆಯಲ್ಲಿ ಮೂರು ತೂತು ಮಾಡಿ. ಸೂಜಿಯನ್ನು ನಡುವಿನ ತೂತಿನಿಂದ ಒಳಗಿನಿಂದ ಹೊರಕ್ಕೆ ಎಳೆದು, ಮೇಲಿನ ತೂತಿನಿಂದ ಒಳಕ್ಕೆ, ಕೆಳಗಿನ ತೂತಿನಿಂದ ಹೊರಕ್ಕೆ, ಮತ್ತೆ ನಡುವಿನ ತೂತಿನಿಂದ ಒಳಕ್ಕೆ ತಂದು ಗಂಟು ಹಾಕಿ. ಹಳೆಯ ಸೀರೆಯ ತುಂಡು ಸುತ್ತಿದ ರಟ್ಟು ಅಂಟಿಸಿದರೆ ಪುಸ್ತಕ ಸಿದ್ಧ.

ಒಳಗೆ ಏನು ಬರೆಯುವುದು? ದಿನಕ್ಕೊಂದು ಪ್ರಶ್ನೆಯನ್ನು ಅಜ್ಜನಿಗೋ ಅಜ್ಜಿಗೋ ಕೇಳಿ, ಅವರು ಹೇಳಿದಂತೆಯೇ ಬರೆಯಿರಿ. ಲಕ್ಷ್ಮಣತೀರ್ಥ ಉಕ್ಕಿದಾಗ ಏನಾಯಿತು? ಮೊದಲ ಬ್ಯಾರನ್ನಿಗೆ ಬೆಂಕಿ ಹಾಕಿದ ರಾತ್ರಿ ಹೇಗಿತ್ತು? ಅವರೆಕಾಳಿನ ಸಾರಿಗೆ ಅಳತೆ ಏನು? ಅಕ್ಷರ ದಪ್ಪವಾಗಿರಲಿ, ಕನ್ನಡಕವಿಲ್ಲದೆ ಓದುವಂತಿರಲಿ. ತಾನು ಆಡಿದ ಮಾತು ಮೊಮ್ಮಗಳ ಕೈಬರಹದಲ್ಲಿ ಪುಸ್ತಕವಾಗಿ ಬಂದಾಗ ಆ ಮುಖವನ್ನು ನೋಡಬೇಕು. ಇನ್ನು ಮೂವತ್ತು ವರ್ಷಗಳ ಮೇಲೆ ಆ ಪುಸ್ತಕಕ್ಕೆ ಬೆಲೆ ಕಟ್ಟಲು ಯಾವ ಹರಾಜು ಮಾರುಕಟ್ಟೆಗೂ ಆಗದು.

ಒಂದು ಎಚ್ಚರಿಕೆ

ನಮ್ಮ ಸೀಮೆಗೆ ಮಾತ್ರ ಹೇಳಬೇಕಾದ ಮಾತೊಂದಿದೆ. ಮನೆಯ ಮೂಲೆಯಲ್ಲಿ ಹೊಗೆಸೊಪ್ಪು ಪೋಣಿಸುವ ಕಡ್ಡಿ, ದಾರ, ಹಳೆಯ ಗೋಣಿ ಬಿದ್ದಿರುತ್ತವೆ. ಕರಕುಶಲಕ್ಕೆ ಹೇಳಿ ಮಾಡಿಸಿದಂತೆ ಕಾಣುತ್ತವೆ. ಬಳಸಬೇಡಿ. ಹೊಗೆಸೊಪ್ಪಿನ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕವೂ ಮೈಗೆ ಸೇರುತ್ತದೆ. ಒದ್ದೆ ಸೊಪ್ಪು ಮುರಿದವರಿಗೆ ವಾಕರಿಕೆ, ತಲೆಸುತ್ತು ಬರುವುದು ಇದರಿಂದಲೇ. ಪುಟ್ಟ ಮಗು ಬಾಯಿಗಿಡುವ ಆಟಿಕೆಗೆ ಆ ದಾರ ಸಲ್ಲದು. ಗೊಬ್ಬರ, ಕೀಟನಾಶಕದ ಚೀಲಗಳೂ ಅಷ್ಟೆ. ಹೊಸ ಗೋಣಿದಾರದ ಉಂಡೆಗೆ ಹೆಚ್ಚು ಬೆಲೆಯೇನೂ ಇಲ್ಲ.

ತಂದೆ ತಾಯಿಯರಿಗೆ, ಶಿಕ್ಷಕರಿಗೆ

ಶಾಲೆಯ ‘ಪ್ರಾಜೆಕ್ಟ್’ ಎಂದರೆ ರಾತ್ರಿ ಹತ್ತು ಗಂಟೆಗೆ ಅಪ್ಪ ಥರ್ಮೋಕೋಲ್ ಕತ್ತರಿಸುವುದು ಎಂಬಂತಾಗಿದೆ. ಕಾಣಿಕೆಯ ವಿಷಯದಲ್ಲಾದರೂ ಹಾಗಾಗದಿರಲಿ. ಬೆಂಕಿ, ಚಾಕು, ವಿದ್ಯುತ್ತು ಇದ್ದಲ್ಲಿ ನೀವಿರಬೇಕು. ಉಳಿದೆಡೆ ಕೈ ಕಟ್ಟಿ ಕುಳಿತಿರಿ. ನಕ್ಷತ್ರ ಸೊಟ್ಟಗಾದರೆ ಸೊಟ್ಟಗೇ ಇರಲಿ. ನೀವು ನೆಟ್ಟಗೆ ಮಾಡಿಕೊಟ್ಟ ನಕ್ಷತ್ರ ಮಗುವಿನದಲ್ಲ. ಅದು ಮಗುವಿಗೂ ಗೊತ್ತು, ಪಡೆದವರಿಗೂ ಗೊತ್ತು.

ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ಕ್ರಿಸ್‌ಮಸ್ ಫ್ರೆಂಡ್ ಚೀಟಿಯನ್ನು ಡಿಸೆಂಬರ್ ಮೊದಲ ವಾರವೇ ಎತ್ತಿಸಿ. ಕೊಂಡ ವಸ್ತು ಬೇಡ, ಮನೆಯಲ್ಲಿರುವ ಸಾಮಗ್ರಿಯಿಂದ ಮಾಡಿದ್ದೇ ಆಗಬೇಕೆಂಬ ಒಂದೇ ನಿಯಮ ಇರಲಿ. ಮನೆಯಲ್ಲಿ ಜಾಗವಿಲ್ಲದ, ಬಿಡುವಿಲ್ಲದ ಮಕ್ಕಳಿಗಾಗಿ ವಾರಕ್ಕೆರಡು ಅವಧಿ ಶಾಲೆಯಲ್ಲಿಯೇ ಕೊಡಿ. ಕಾಣಿಕೆಯ ಜೊತೆ ‘ಇದನ್ನು ನಿನಗೇ ಏಕೆ ಮಾಡಿದೆ’ ಎಂದು ಎರಡು ಸಾಲು ಬರೆಯಿಸಿ. ಹಂಚುವ ದಿನ ಹಾಜರಿ ಪುಸ್ತಕ ನೋಡಿಕೊಳ್ಳಿ. ಪೂರ್ತಿ ಹಾಜರಿ ಇದ್ದರೆ ಹಬ್ಬ ಚೆನ್ನಾಗಿ ನಡೆಯಿತೆಂದೇ ಅರ್ಥ.

ಯಾವಾಗ ಆರಂಭಿಸಬೇಕು?

ಅರಳಿ ಎಲೆ: ಇಂದೇ ನೆನೆಹಾಕಿ.
ಅಜ್ಜನ ಮಾತಿನ ಪುಸ್ತಕ: ಡಿಸೆಂಬರ್ 1ರಿಂದ, ದಿನಕ್ಕೆ ಒಂದು ಪುಟ.
ಬಿದಿರಿನ ನಕ್ಷತ್ರ: ಡಿಸೆಂಬರ್ 8ರೊಳಗೆ ಚೌಕಟ್ಟು, ಮರುವಾರ ಕಾಗದ.
ರಾಗಿ ಚಿಪ್ಪು: ಡಿಸೆಂಬರ್ 12ರೊಳಗೆ ಬಿತ್ತನೆ.
ಮೇಣದ ಹಣತೆ, ಸೂಜಿ ದಿಂಬು: ಡಿಸೆಂಬರ್ 20ರ ಸುಮಾರಿಗೆ.